ದೊಡ್ಡಮ್ಮನ ಒಸಡು

ಬೀರುವಿನಲ್ಲಿ ಏನನ್ನೋ ತಡಕಾಡುವಾಗ ಲವಂಗದೆಣ್ಣೆಯ ಸೀಸೆ ಉರುಳಿ ಕೋಣೆಯೆಲ್ಲ ಘಮ್ಮೆಂದಿತು. ನಿಮಗೆ ಆ ವಾಸನೆಗೆ ಪಲಾವು ನೆನಪಾದೀತು. ನನಗೆ ನೆನಪಾಗುವುದು ಶಿವಾರಪಟ್ಟಣದ ನಮ್ಮ ದೊಡ್ಡಮ್ಮನ ಬಾಯಿ.

ಎರಡನೆಯ ಮಹಾಯುದ್ಧದ ಕಾಲ. ವಿಗ್ರಹ ಕೆತ್ತುವ ಮನೆತನದಲ್ಲಿ ಹುಟ್ಟಿಯೂ ನಾನು ಉಳಿ ಹಿಡಿದರೆ ಗಣಪತಿಗೆ ಸೊಂಡಿಲು ಉಳಿಯುತ್ತಿರಲಿಲ್ಲ, ಹಾಗಾಗಿ ಮೇಷ್ಟರಾದೆ. ದೊಡ್ಡಪ್ಪನ ಮನೆಯಲ್ಲೇ ಊಟ, ವಾಸ. ದೊಡ್ಡಪ್ಪ ಒಳ್ಳೆಯ ಶಿಲ್ಪಿ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ದೊಡ್ಡಮ್ಮನೇ ಆಡುತ್ತಿದ್ದಳು. ತೊಂದರೆಯೆಂದರೆ ಅವಳ ಒಸಡೆಲ್ಲ ಕೀವು, ರಕ್ತ. ಅವಳು ಬಾಯಿ ತೆರೆದರೆ ಎದುರಿದ್ದವರಿಗೆ ಮನೆಯ ಕೆಲಸ ಜ್ಞಾಪಕಕ್ಕೆ ಬರುತ್ತಿತ್ತು. ನೆರೆಯ ಹೆಂಗಸರು ಮೂಗಿಗೆ ಸೆರಗೊತ್ತಿ ನೆಗಡಿಯೆನ್ನುತ್ತಿದ್ದರು. ದೊಡ್ಡಪ್ಪ ಸೆಕೆಯೆಂದು ಹಾಸಿಗೆಯನ್ನು ಜಗಲಿಗೆ ಸಾಗಿಸಿದ್ದ. ಮಾಗಿಯ ಚಳಿಯಲ್ಲೂ ಅವನಿಗೆ ಸೆಕೆಯೇ. ನಮ್ಮ ಸೀಮೆಯಲ್ಲಿ ಹಲ್ಲಿನ ರೋಗ ಬೇಗ ಗೊತ್ತಾಗುವುದೂ ಇಲ್ಲ. ಮುದ್ದೆ ನುಂಗುವ ಜನಕ್ಕೆ ಹಲ್ಲು ಬರೀ ಶೋಭೆಗೆ.

ಒಂದು ಮಧ್ಯಾಹ್ನ ಅವಳು ನನ್ನನ್ನು ಹಿತ್ತಲಿಗೆ ಕರೆದಳು. “ಲೇ, ನೀನು ಓದಿದೋನು. ನಿಮ್ ದೊಡ್ಡಪ್ಪ ಯಾರನ್ನಾದ್ರೂ ಇಟ್ಕೊಂಡವ್ನಾ?” ಕಣ್ಣು ಕೆಂಪಾಗಿತ್ತು. ಮಕ್ಕಳಿಗೆ ಸತ್ಯವನ್ನೇ ನುಡಿಯಿರೆಂದು ದಿನವೂ ಬರೆಸುವ ನಾನು ಬಾವಿಯ ರಾಟೆಯನ್ನು ನೋಡಿದೆ, ಬಸಳೆ ಚಪ್ಪರವನ್ನು ನೋಡಿದೆ. ಕೊನೆಗೆ, “ಬಾಯಿ ವಾಸನೆ, ದೊಡ್ಡಮ್ಮ” ಎಂದೆ.

ಅವಳ ಮಾತು ನಿಂತದ್ದನ್ನು ನೋಡಿದ್ದು ಅದೇ ಮೊದಲು. ಮೂರನೆಯ ದಿನ ಒಳ್ಳೆ ಸೀರೆಯುಟ್ಟು ಬಂದು, “ಕೋಲಾರಕ್ಕೆ ನಡಿ” ಎಂದಳು.

ಕೋಲಾರದ ಹಲ್ಲಿನ ಡಾಕ್ಟರು ತೆಲುಗಿನವನು. ಪಯೋರಿಯಾ ಎಂದ. ಹಲ್ಲೆಲ್ಲ ಕಿತ್ತರೆ ಸಲೀಸು. ಉಳಿಸಬೇಕಾದರೆ ಒಸಡಿನ ಕೆಳಗೆ ಬೇರಿನ ತನಕ ಗಾರೆಯಂತೆ ಕಟ್ಟಿದ್ದನ್ನು ಕೆರೆಯಬೇಕು, ನಾಲ್ಕು ಸಲ ಬರಬೇಕು. “ನೊಪ್ಪಿ ಉಂಟುಂದಮ್ಮಾ” ಎಂದು ಎಚ್ಚರಿಸಿದ.

“ನೋವಾದ್ರೆ ಆಗ್ಲಿ. ಹಲ್ಲಿಲ್ದೆ ಬಯ್ಯೋದೆಂಗೆ?”

ಮೊದಲ ಸಲ ಧೈರ್ಯ ಹೇಳಲು ಪಕ್ಕದಲ್ಲಿ ನಿಂತೆ. ಉಗುಳುವ ಬೋಗುಣಿ ಕೆಂಪಾದದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ದೊಡ್ಡಮ್ಮ, ಬಾಯಿತುಂಬ ಲವಂಗದೆಣ್ಣೆಯ ಹತ್ತಿಯಿಟ್ಟುಕೊಂಡು, ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

ಸುದ್ದಿ ಕೇಳಿ ಎರಡನೆಯ ಸಲಕ್ಕೆ ದೊಡ್ಡಪ್ಪನೂ ಹೊರಟ. ನಾನು ಬಾಗಿಲ ಬಳಿ ನೆಲದ ಮೇಲೆ ಕೂತೆ. ಕೂತವನು ಬೀಳುವುದಕ್ಕೆ ದೂರವಿಲ್ಲ. ಡಾಕ್ಟರು ಕೆರೆಯಲು ತೊಡಗಿದ. ದೊಡ್ಡಮ್ಮನ ಕಾಲ್ಬೆರಳು ಮಡಚಿಕೊಂಡವು. ದೊಡ್ಡಪ್ಪ ಬಗ್ಗಿ ಅವಳ ಬಾಯೊಳಗೇ ನೋಡಿದ. ಆಮೇಲೆ, “ಡಾಕ್ಟ್ರೇ, ಉಳಿ ಮೊಂಡು. ಅದಕ್ಕೇ ಅವಳಿಗೆ ನೋವು” ಎಂದ.

ಡಾಕ್ಟರಿಗೆ ಸಿಟ್ಟು ಬಂತು. ದೊಡ್ಡಪ್ಪ ಸೊಂಟದ ಚೀಲದಿಂದ ಸಾಣೆಕಲ್ಲು ತೆಗೆದು ಕೈ ಚಾಚಿಯೇ ನಿಂತ. ದೇವರ ತುಟಿ ಕೆತ್ತುವ ಆ ಕೈಯನ್ನು ನೋಡಿದನೋ, ಮುಖವನ್ನು ನೋಡಿದನೋ, ಡಾಕ್ಟರು ಸಲಕರಣೆ ಕೊಟ್ಟ. ದೊಡ್ಡಪ್ಪ ಮಸೆದ, ಡಾಕ್ಟರು ಕುದಿಯುವ ನೀರಿಗೆ ಹಾಕಿ ತೆಗೆದು ಮತ್ತೆ ಕೆರೆದ. ಈ ಸಲ ಕಾಲ್ಬೆರಳು ಬಿಚ್ಚಿಕೊಂಡವು.

ವಾಪಸು ಬರುವಾಗ ಇದ್ದಿಲಿನ ಹೊಗೆ ಕಾರುವ ಬಸ್ಸಿನಲ್ಲಿ ದೊಡ್ಡಪ್ಪ, “ನಾನೇ ಹೇಳ್ಬೇಕಿತ್ತು ಕಣೇ” ಎಂದ. ಅವಳ ಬಾಯಲ್ಲಿ ಹತ್ತಿಯಿದ್ದುದರಿಂದ ಬಚಾವಾದ. ಅವಳು ಅವನ ತೊಡೆಗೆ ಬಲವಾಗಿ ಚಿವುಟಿದಳು, ಆಮೇಲೆ ಕೈಯನ್ನು ಅಲ್ಲೇ ಬಿಟ್ಟಳು.

ಎರಡು ಹಲ್ಲು ಹೋದವು, ಮಿಕ್ಕವು ಅವಳ ಕೊನೆಯವರೆಗೂ ದುಡಿದವು. ಬಯ್ಗುಳಕ್ಕೆ ಹೊಸ ಹರಿತ ಬಂತು. ದೊಡ್ಡಪ್ಪ ಹಾಸಿಗೆಯನ್ನು ಒಳಗೆ ತಂದದ್ದು ಉರಿಬೇಸಿಗೆಯಲ್ಲಿ.

ಈಗ ನನಗೂ ಆಗಿನ ದೊಡ್ಡಪ್ಪನ ವಯಸ್ಸು. ಇದನ್ನೆಲ್ಲ ನಿಮಗೆ ಹೇಳುತ್ತಾ ಒಂದು ಅನುಮಾನ ಹುಟ್ಟಿತು. ಅಡಿಗೆಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ, “ನನ್ನ ಬಾಯಿ ವಾಸನೆ ಬರುತ್ತಾ?”

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಎರಡು ವರ್ಷ ಆಯ್ತು” ಎಂದು ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

ಬಾಯಿ ಮುಚ್ಚಿಕೊಂಡು ಕೂತೆ.