ಹೊಲಿದಿಟ್ಟ ಹಾಳೆ

ಟಿಲಿ ರಾಟ್ಸ್‌ಲಾಫ್‌ಗೆ ಹೊಲಿಯಲು ಬರುತ್ತಿರಲಿಲ್ಲ. ನಮ್ಮ ಮೆನೊನೈಟ್ ಚರ್ಚಿನ ಹೆಂಗಸರಲ್ಲಿ ಇದು ಸಣ್ಣ ಕೊರತೆಯಲ್ಲ. ಬುಧವಾರ ಬೆಳಿಗ್ಗೆ ಎಂಟಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ದೊಡ್ಡ ಮರದ ಚೌಕಟ್ಟಿಗೆ ಕೌದಿಯನ್ನು ಬಿಗಿದು, ಅದರ ನಾಲ್ಕೂ ಕಡೆ ನಾವು ಹತ್ತು ಹನ್ನೆರಡು ಜನ ಕೂರುತ್ತೇವೆ. ಅಂಗುಲಕ್ಕೆ ಹತ್ತು ಹೊಲಿಗೆ ಹಾಕುವವಳು ಪರವಾಗಿಲ್ಲ. ಎಂಟು ಹಾಕುವವಳಿಗೆ ಅಂಚಿನ ಕೆಲಸ. ಟಿಲಿ ಹಾಕುತ್ತಿದ್ದದ್ದು ನಾಲ್ಕು.

“ನಿನ್ನ ಹೊಲಿಗೆಗೆ ಕಾಲ್ಬೆರಳು ಸಿಕ್ಕಿಹಾಕ್ಕೊಂಡು ಯಾರಾದ್ರೂ ಮಂಚದಿಂದ ಬಿದ್ದಾರು ಕಣೇ,” ಅನ್ನುತ್ತಿದ್ದಳು ಪಕ್ಕದಲ್ಲಿ ಕೂರುವ ಎಡ್ನಾ ಉನ್ರು.

“ಬೀಳಲಿ ಬಿಡು. ಬೇಗ ಎದ್ದು ಹಾಲು ಕರೀತಾರೆ.”

ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು ಟಿಲಿ. ಕ್ಯಾನ್ಸಾಸ್‌ನ ಈ ಮೂಲೆಯಲ್ಲಿ ಐವತ್ತರೊಳಗಿನ ಯಾರನ್ನು ಕೇಳಿದರೂ ಅವಳ ಕೈಯ ಬೀನ್ಸ್ ಸಾರು ಉಂಡಿರುತ್ತಾರೆ, ಬಟಾಣಿ ಬಿಟ್ಟದ್ದಕ್ಕೆ ಬೈಸಿಕೊಂಡಿರುತ್ತಾರೆ. ಗಂಡ ಒಟ್ಟೊ ತೀರಿಕೊಂಡು, ಕೆಲಸವೂ ಮುಗಿದ ಮೇಲೆ ಅವಳಿಗೆ ಉಳಿದದ್ದು ಹದಿನಾಲ್ಕು ಕೋಳಿ ಮತ್ತು ಬುಧವಾರ. ಕೋಳಿಗೆ ಕಾಳು ಹಾಕಲು ಅವಳು ಹನ್ನೊಂದೂವರೆಗೇ ಎದ್ದು ಹೋಗುವಳು. ಅವಳ ಕಾರಿನ ಸದ್ದು ಜಲ್ಲಿರಸ್ತೆಯಲ್ಲಿ ಅಡಗಿದ ಮೇಲೆ ಮಾರ್ತಾ ವೋತ್ ತನ್ನ ಕೊಕ್ಕೆಗತ್ತರಿ ತೆಗೆದು ಟಿಲಿಯ ಹೊಲಿಗೆಗಳನ್ನೆಲ್ಲ ಬಿಚ್ಚುವಳು. ನಾವು ಅದೇ ಜಾಗದಲ್ಲಿ ಮತ್ತೆ ಹೊಲಿಯುತ್ತಿದ್ದೆವು. ಇದನ್ನು ಮಾಡೋಣವೆಂದು ಯಾರೂ ಬಾಯಿಬಿಟ್ಟು ಆಡಿದ್ದೇ ಇಲ್ಲ.

ಒಂದು ಬುಧವಾರ ಟಿಲಿ ಕನ್ನಡಕ ಮರೆತು ವಾಪಸು ಬಂದಳು. ಮಾರ್ತಾಳ ಕೈಯಲ್ಲಿ ಕೊಕ್ಕೆ ಇತ್ತು, ಉಳಿದವರ ಕೈಯಲ್ಲಿ ಸೂಜಿ.

“ಎಷ್ಟು ದಿನದಿಂದ ನಡೀತಿದೆ ಇದು?”

“ನೀನು ಬಂದಾಗಿನಿಂದ,” ಅಂದಳು ಎಡ್ನಾ. ಸುಳ್ಳು ಹೇಳುವುದು ಅವಳಿಗೂ ಬರುವುದಿಲ್ಲ.

“ಹಾಗಾದ್ರೆ ನನ್ನ ಹೊಲಿಗೆ ಇರೋ ಕೌದಿ ಲೋಕದಲ್ಲಿ ಒಂದೂ ಇಲ್ಲ.”

“ಒಂದಿದೆ. ಆವತ್ತು ಹಿಮ ಬೀಳ್ತಿತ್ತು, ನಾವೂ ಬೇಗ ಎದ್ದುಬಿಟ್ವಿ.”

ಟಿಲಿ ನಕ್ಕಳು. ಎಷ್ಟು ನಕ್ಕಳೆಂದರೆ ನಿಲ್ಲಲಾಗದೆ ಕಿಟಕಿಯ ಬಳಿಯಿದ್ದ ಎತ್ತರದ ಸ್ಟೂಲಿನ ಮೇಲೆ ಕುಸಿದು ಕೂತಳು. ಅದು ಬೈಬಲ್ ಓದುವವರ ಸ್ಟೂಲು. ನಾವು ಹೊಲಿಯುತ್ತಿರುವಾಗ ಒಬ್ಬರು ಅಲ್ಲಿ ಕೂತು ಗಟ್ಟಿಯಾಗಿ ಓದುವುದು ಅಜ್ಜಿಯರ ಕಾಲದ ಪದ್ಧತಿ. ಬುಧವಾರಕ್ಕೆ ಮೂರು ಅಧ್ಯಾಯ, ಆದಿಯಿಂದ ಅಂತ್ಯದವರೆಗೆ. ಮೂವತ್ತು ವರ್ಷ ಓದುತ್ತ ಬಂದಿದ್ದವರು ಹುಲ್ಡಾ ಶ್ರಾಗ್, ಹಳೆಯ ಪಾದ್ರಿಯ ಹೆಂಡತಿ. ನಮಗೆಲ್ಲ ಟಾಂಟೆ ಹುಲ್ಡಾ. ತಾಯಿಯ ವಯಸ್ಸಿನವರನ್ನು ನಾವು ಹಾಗೆಯೇ ಕರೆಯುವುದು. ಆ ವರ್ಷ ಅವರ ಎರಡೂ ಕಣ್ಣುಗಳಿಗೆ ಪೊರೆ ಕವಿದಿತ್ತು.

“ಟಿಲಿ, ಅಲ್ಲೇ ಕೂತಿರು,” ಅಂದರು ಟಾಂಟೆ. “ಇನ್ಮೇಲೆ ಓದೋದು ನಿನ್ನ ಕೆಲಸ. ಸೂಜಿ ಮಾತ್ರ ಮುಟ್ಟಬೇಡ.”

ಟಿಲಿ ಓದುವುದನ್ನು ಕೇಳಬೇಕಿತ್ತು. ಇನ್ನೂರು ಮಕ್ಕಳ ಗದ್ದಲದ ಮೇಲೆ ತೇಲಿಸಿ ಪಳಗಿದ ದನಿ ಅವಳದು. ವಂಶಾವಳಿಯ ಹೆಸರುಗಳನ್ನು ಹಾಜರಿ ಕರೆದಂತೆ ಕರೆಯುವಳು. ಯಾರೋ ಒಬ್ಬ ಒಂಬೈನೂರು ವರ್ಷ ಬದುಕಿದ ಅಂದಾಗ “ಪಾಪ, ಅವನ ಸೊಸೆ” ಎಂದು ಉಸಿರೆಳೆದು ಮುಂದೆ ಸಾಗುವಳು. ನೆಲಮಾಳಿಗೆಯ ತಂಪಿನಲ್ಲಿ ಆ ದನಿ ಬೆಚ್ಚಗಿನ ಹೊದಿಕೆಯಂತೆ ನಮ್ಮ ಬೆನ್ನಿನ ಮೇಲೆ ಬೀಳುತ್ತಿತ್ತು. ಆ ಸ್ಟೂಲಿನ ಮೇಲೆ ಅವಳು ಹತ್ತು ವರ್ಷ ಚಿಕ್ಕವಳಾದಳು. ಬುಧವಾರ ಬರುವಾಗ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಾಳೆಂದು ಎಡ್ನಾ ಹೇಳುತ್ತಿದ್ದಳು. ಟಿಲಿ ಚಳಿಗೆ ಒಡೆದ ತುಟಿಗೆ ಮುಲಾಮು ಎನ್ನುವಳು.

ಆರೇಳು ವಾರ ಕಳೆಯುವಷ್ಟರಲ್ಲಿ ಒಂದು ಕಡೆ ಅವಳ ಬೆರಳು ತಡೆಯಿತು. ಎರಡು ಹಾಳೆಗಳನ್ನು ಒಟ್ಟಿಗಿಟ್ಟು ಅಂಚಿಗುಂಟ ಬಿಳಿ ದಾರದಲ್ಲಿ ಹೊಲಿದಿತ್ತು. ಆದಿಕಾಂಡ, ಲೋಟ ಮತ್ತು ಅವನ ಹೆಣ್ಣುಮಕ್ಕಳ ಕಥೆ.

“ಟಾಂಟೆ, ಇಲ್ಲೇನೋ ಹೊಲಿದಿದೆಯಲ್ಲ.”

“ಹೊಲಿದಿರೋದನ್ನ ದಾಟಿ ಮುಂದೆ ಹೋಗು.”

ಅಂಥವು ಒಟ್ಟು ಏಳು. ನಾವು ಜರ್ಮನ್‌ನಲ್ಲಿ ಓದಿಸುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಅರ್ಧಕ್ಕರ್ಧ ಹುಡುಗಿಯರಿಗೆ ಆ ಜರ್ಮನ್ ಅರ್ಥವೇ ಆಗುತ್ತಿರಲಿಲ್ಲ. ಇಂಗ್ಲಿಷಿಗೆ ಬದಲಾದ ಚಳಿಗಾಲದಲ್ಲಿ ಟಾಂಟೆ ಹುಲ್ಡಾ ಮುಂದಿನ ವಾರಗಳದ್ದನ್ನು ಓದಿ ನೋಡಿ, ಬೆವೆತು, ಮದುವೆಯಾಗದ ಹುಡುಗಿಯರ ಕಿವಿಗೆ ಬೀಳಬಾರದ್ದನ್ನೆಲ್ಲ ಹೊಲಿಸಿಬಿಟ್ಟಿದ್ದರು.

ಟಿಲಿ ಮನೆಗೆ ಹೋಗಿ ತನ್ನ ಬೈಬಲ್ ತೆಗೆದು ಆ ಏಳನ್ನೂ ಓದಿದಳು. ತನ್ನ ಹೆಣ್ಣನ್ನೇ ಊರ ಗಂಡಸರ ಕೈಗೆ ಬಾಗಿಲಾಚೆ ನೂಕಿದ ಗಂಡನ ಕಥೆಯನ್ನೂ ಓದಿದಳು. ಮರುವಾರ ಟಾಂಟೆಯ ಮುಂದೆ ನಿಂತಳು.

“ತಟ್ಟೇಲಿರೋದೆಲ್ಲ ತಿನ್ನಬೇಕು ಅಂತ ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದವಳು ನಾನು, ಟಾಂಟೆ. ಈಗ ನಾನೇ ಆರಿಸಿ ಆರಿಸಿ ಬಡಿಸೋದು ಸರೀನಾ?”

“ಇದು ಬಟಾಣಿ ಅಲ್ಲ. ಅದನ್ನ ಓದಿದ ದಿನ ನೀನು ಆ ಸ್ಟೂಲು ಇಳಿದು ವಾಪಸು ಸೂಜಿ ಹಿಡೀಬೇಕು.”

“ಅಯ್ಯೋ ಬೇಡ ಟಾಂಟೆ,” ಅಂದಳು ಎಡ್ನಾ. “ನಮ್ಮ ಮೇಲಾದ್ರೂ ಕರುಣೆ ಇರಲಿ.”

ಟಿಲಿ ಹೋಗಿ ತನ್ನ ಜಾಗದಲ್ಲಿ ಕೂತಳು. ಅವಳಿಗೆ ಆ ಸ್ಟೂಲು ಬೇಕಿತ್ತು. ಮೋಶೆ, ಯೆಹೋಶುವ, ನ್ಯಾಯಸ್ಥಾಪಕರು, ರೂತಳು ಎಲ್ಲರೂ ದಾಟಿದರು. ಹೊಲಿಗೆ ಬಂದಲ್ಲೆಲ್ಲ ಟಿಲಿ ಒಮ್ಮೆ ಕೆಮ್ಮಿ ಮುಂದಕ್ಕೆ ಹೋದಳು.

ಎರಡನೆಯ ವರ್ಷದ ಚಳಿಗಾಲದ ಕೊನೆಗೆ, ನಮ್ಮ ಓದಿನಲ್ಲಿ ದಾವೀದ ಅರಸನಾಗಿ ಕೆಡತೊಡಗಿದ್ದ ದಿನಗಳಲ್ಲಿ, ಮಾರ್ತಾ ವೋತ್ ಟಿಲಿಯ ಮನೆಗೆ ಹೋದಳು. ಇದೇ ಒಂದು ಸುದ್ದಿ. ಮಾರ್ತಾ ಯಾರ ಮನೆಗೂ ಹೋಗುವವಳಲ್ಲ. ಎಪ್ಪತ್ತು ದಾಟಿದವಳು, ಮದುವೆಯಾಗಿರಲಿಲ್ಲ, ಹುಡುಗಿಯಾಗಿದ್ದಾಗಿನಿಂದ ಅಣ್ಣ ಪೀಟರನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದವಳು. ಅಂಗುಲಕ್ಕೆ ಹನ್ನೆರಡು ಹೊಲಿಗೆ ಹಾಕುವವಳು ನಮ್ಮಲ್ಲಿ ಅವಳೊಬ್ಬಳೇ. ಅಂದಿನ ಮಾತನ್ನು ಟಿಲಿ ನನಗೆ ಬಹಳ ದಿನದ ಮೇಲೆ ಹೇಳಿದಳು.

“ಮುಂದಿನ ಬುಧವಾರ ದಾವೀದನ ಮಗಳು ತಾಮಾರಳ ಹಾಳೆ ಬರುತ್ತೆ,” ಅಂದಳಂತೆ ಮಾರ್ತಾ, ಕೋಟು ಕೂಡ ಬಿಚ್ಚದೆ.

“ಗೊತ್ತು. ಕೆಮ್ಮಿ ದಾಟ್ತೀನಿ.”

“ದಾಟಬೇಡ. ಓದು.”

“ಮಾರ್ತಾ, ನಿನ್ನ ಹತ್ರಾನೂ ಬೈಬಲ್ ಇದೆಯಲ್ಲ?”

“ಓದಿದೀನಿ. ಎಷ್ಟು ಸಲ ಅಂತ ಕೇಳಬೇಡ. ಒಬ್ಬಳೇ ಓದಿ ಸಾಕಾಗಿದೆ. ಇನ್ನೊಬ್ಬರ ಬಾಯಲ್ಲಿ ಕೇಳಬೇಕು, ಎಲ್ಲರೂ ಇರೋ ಕಡೆ. ನಿನ್ನ ಸ್ಟೂಲು ಹೋಗುತ್ತೆ ಅಂತ ಗೊತ್ತು. ಅದಕ್ಕೇ ಕೇಳೋಕೆ ಬಂದೆ.”

ಟಿಲಿ ಕಾರಣ ಕೇಳಲಿಲ್ಲ. ಕಾಫಿ ಕೊಟ್ಟು, ಹನ್ನೆರಡು ಮೊಟ್ಟೆ ಕಟ್ಟಿಕೊಟ್ಟು ಕಳಿಸಿದಳು.

ಆ ಬುಧವಾರ ಟಿಲಿಯ ತುಟಿಗೆ ಮುಲಾಮು ಇರಲಿಲ್ಲ. ಹನ್ನೆರಡನೆಯ ಅಧ್ಯಾಯ ಮುಗಿಸಿ ಅವಳು ಕೆಮ್ಮಲಿಲ್ಲ. ಹೊಲಿದ ಅಂಚಿಗೆ ಉಗುರು ಸಿಕ್ಕಿಸಲು ನೋಡಿದಳು. ಹಾಳೆಯೋ ಈರುಳ್ಳಿ ಸಿಪ್ಪೆಯಷ್ಟು ತೆಳು.

“ಕೊಡಿಲ್ಲಿ, ಹರಿದುಹಾಕ್ತೀಯ,” ಎಂದು ಮಾರ್ತಾ ಎದ್ದು ಹೋದಳು. ಕೊಕ್ಕೆಯ ತುದಿ ದಾರಕ್ಕೆ ತಗಲಿದಾಗ ಸಣ್ಣ ಸದ್ದು. ಕಣ್ಣು ಮಂಜಾದ ಮೇಲೆ ಟಾಂಟೆ ಹುಲ್ಡಾರ ಕಿವಿ ಚುರುಕಾಗಿತ್ತು.

“ಏನದು?”

“ದಾರ ಬಿಚ್ತಾ ಇದೀನಿ, ಟಾಂಟೆ. ನಾನು, ಮಾರ್ತಾ. ನೀವು ಹೇಳಿದಾಗ ಹೊಲಿದವಳೂ ನಾನೇ.”

ಟಾಂಟೆ ಎತ್ತಿದ ಊರುಗೋಲನ್ನು ಮೆಲ್ಲಗೆ ಕೆಳಗಿಟ್ಟರು. ಟಿಲಿ ಓದತೊಡಗಿದಳು. ಅರಸನ ಮಗ ಅಮ್ನೋನ್ ಮಲತಂಗಿ ತಾಮಾರಳ ಮೇಲೆ ಕಣ್ಣು ಹಾಕಿದ್ದು; ಗೆಳೆಯ ಯೋನಾದಾಬ್, ಕಾಯಿಲೆ ಅಂತ ಮಲಗು, ತಂಗಿಯ ಕೈಯ ರೊಟ್ಟಿ ಬೇಕು ಅಂತ ಕೇಳು ಎಂದು ಹೇಳಿಕೊಟ್ಟದ್ದು.

“ಪ್ರತಿ ಊರಲ್ಲೂ ಒಬ್ಬ ಇರ್ತಾನೆ ಇಂಥ ಗೆಳೆಯ,” ಅಂದಳು ಎಡ್ನಾ. “ತಾನು ಏನೂ ಮಾಡಲ್ಲ, ಬುದ್ಧಿ ಮಾತ್ರ ಹೇಳ್ತಾನೆ.”

ತಾಮಾರ್ ಬಂದು ಹಿಟ್ಟು ನಾದಿದಳು, ಅವನ ಕಣ್ಣೆದುರೇ ಬೇಯಿಸಿದಳು. ಅವನು ಎಲ್ಲರನ್ನೂ ಹೊರಗೆ ಕಳಿಸಿ ಅವಳ ಕೈ ಹಿಡಿದ. ಅವಳು ಬೇಡ ಅಂದಳು. ಬೇಡಿಕೊಂಡಳು. ನಾನು ಈ ಅವಮಾನ ಹೊತ್ತು ಎಲ್ಲಿಗೆ ಹೋಗಲಿ ಅಂದಳು. ಅವನು ಕೇಳಲಿಲ್ಲ, ಬಲದಲ್ಲಿ ಮೀರಿಸಿ ಕೆಡಿಸಿದ. ಆಮೇಲೆ ಅವಳನ್ನು ದ್ವೇಷಿಸಿ ಹೊರಗೆ ನೂಕಿ ಬಾಗಿಲು ಹಾಕಿಸಿದ. ಅವಳು ತಲೆಗೆ ಬೂದಿ ಸುರಿದುಕೊಂಡು, ತೊಟ್ಟ ಉದ್ದನೆಯ ಅಂಗಿ ಹರಿದುಕೊಂಡು ಅಳುತ್ತ ಹೋದಳು.

ಸೂಜಿಗಳೆಲ್ಲ ನಿಂತಿದ್ದವು. ಟಿಲಿಯ ದನಿ ನಡುಗಲಿಲ್ಲ, ಏರಲೂ ಇಲ್ಲ. ಅವಳ ಒಡಹುಟ್ಟಿದ ಅಣ್ಣ ಅಬ್ಷಾಲೋಮ್, ಅವನು ನಿನ್ನ ಸೋದರನಲ್ಲವೇ, ಸುಮ್ಮನಿರು ಅಂದ. ತಾಮಾರ್ ಆ ಅಣ್ಣನ ಮನೆಯಲ್ಲೇ ಒಂಟಿಯಾಗಿ ಉಳಿದಳು. ದಾವೀದನಿಗೆ ಸುದ್ದಿ ತಿಳಿದು ಬಹಳ ಕೋಪ ಬಂತು.

“ಬಂತು, ಮತ್ತೆ?” ಎಡ್ನಾ ಕೇಳಿದಳು.

“ಮತ್ತೇನಿಲ್ಲ.”

“ಏನಿಲ್ಲ ಅಂದ್ರೆ?”

“ಕೋಪ ಬಂತು ಅಂತಿದೆ. ಅಷ್ಟೆ.”

“ನಮ್ಮ ಹೆನ್ರಿಗೂ ಕೋಪ ಬರುತ್ತೆ. ಕೊಟ್ಟಿಗೆಗೆ ಹೋಗಿ ಬಕೆಟ್ ಒದೀತಾನೆ. ಅಷ್ಟಾದ್ರೂ ಮಾಡ್ಬಾರ್ದಾ? ಅರಸ ಅಂತೆ.”

ಎರಡು ಮೂರು ಕಡೆ ಸಣ್ಣ ನಗೆ ಎದ್ದು ಅಲ್ಲೇ ಇಂಗಿತು. ಯಾಕೆಂದರೆ ಮಾರ್ತಾ ಇನ್ನೂ ಸ್ಟೂಲಿನ ಪಕ್ಕದಲ್ಲೇ ನಿಂತಿದ್ದಳು.

“ಅವಳು ಮಾತಾಡ್ತಾಳಲ್ಲ, ಬೇಡ ಅಂತ. ಅದನ್ನ ಇನ್ನೊಂದು ಸಲ ಓದು, ಟಿಲಿ.”

ಟಿಲಿ ಓದಿದಳು, ನಿಧಾನವಾಗಿ, ತಾಮಾರಳ ಮಾತೊಂದನ್ನೇ.

“ನಾನೂ ಅಂದಿದ್ದೆ,” ಅಂದಳು ಮಾರ್ತಾ. “ಹದಿನಾರು ವರ್ಷ ನಂಗೆ. ಗೋಧಿ ಕುಯ್ಲಿಗೆ ಬಂದ ತಂಡದವರಿಗೆ ಊಟ ಒಯ್ತಿದ್ದೆ. ಅವರಲ್ಲೊಬ್ಬ, ಅಪ್ಪನಿಗೆ ದೂರದ ನೆಂಟ. ಯಾರಿಗೂ ಹೇಳಬೇಡ ಅಂತ ಅಪ್ಪ ಹೇಳಿದ. ಅಪ್ಪನಿಗೂ ಬಹಳ ಕೋಪ ಬಂದಿತ್ತು. ಪೀಟರ್ ಒಳ್ಳೆಯವನು. ಕೋಣೆ ಕೊಟ್ಟ, ಕಿಟಕಿ ಇರೋ ಕೋಣೆ. ಆದ್ರೆ ಅವನೂ ಸುಮ್ಮನಿರು ಅಂತಲೇ ಅಂದ. ನೀವು ಈ ಹಾಳೆ ಹೊಲಿ ಅಂತ ಕೊಟ್ಟಾಗ, ಟಾಂಟೆ, ಇವರಿಗೂ ಗೊತ್ತಾಗಿದೆ, ಅದಕ್ಕೇ ನನ್ನ ಕೈಲೇ ಮಾಡಿಸ್ತಿದಾರೆ ಅಂದ್ಕೊಂಡೆ.”

“ಇಲ್ಲ ಮಗಳೇ,” ಅಂದರು ಟಾಂಟೆ ಹುಲ್ಡಾ. ಕಾಣದ ಕಣ್ಣು ಅವಳಿರುವ ಕಡೆ ತಿರುಗಿತ್ತು. “ನಿನ್ನ ಹೊಲಿಗೆ ಸಣ್ಣದು ಅಂತ ಕೊಟ್ಟೆ. ನಂಗೆ ಏನೂ ಗೊತ್ತಿರಲಿಲ್ಲ. ಕಿವಿಗೆ ಬೀಳದಿದ್ರೆ ಹುಡುಗೀರು ಚೆನ್ನಾಗಿರ್ತಾರೆ ಅಂದ್ಕೊಂಡಿದ್ದೆ.”

ಅವರು ಕೈ ಚಾಚಿದರು. ಮಾರ್ತಾ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತಳು. ಎಡ್ನಾ, ಏನು ಮಾಡಬೇಕೋ ತೋಚದೆ, ತನ್ನ ಒಳ್ಳೆಯ ಅಂಗುಸ್ತಾನವನ್ನು ತೆಗೆದು ಮಾರ್ತಾಳ ಬೆರಳಿಗೆ ತೊಡಿಸಿದಳು. ಆಮೇಲೆ ತನಗೆ ಬೇಕಾಗುತ್ತದೆಂದು ವಾಪಸು ಕೇಳಿದಳು. ಮೊದಲು ನಕ್ಕವಳು ಮಾರ್ತಾ. ಅಳುವವರೂ ಇದ್ದರು, ಮೂಗು ಒರೆಸುತ್ತ ನಗುವವರೂ ಇದ್ದರು.

ಈ ನಡುವೆ ಟಿಲಿ ಬೈಬಲ್ ಮುಚ್ಚಿಟ್ಟು, ಸ್ಟೂಲಿನಿಂದ ಇಳಿದು, ಚೌಕಟ್ಟಿನ ಬಳಿ ಬಂದು ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೌದಿಯ ಸುತ್ತ ಗಾಬರಿ ಹಬ್ಬಿತು.

“ಯಾರದು ನನ್ನ ಎಡಕ್ಕೆ ಬಂದದ್ದು?” ಟಾಂಟೆ ಕೇಳಿದರು.

“ನಾನು, ಟಿಲಿ. ಓದಿದ್ರೆ ಸೂಜಿ ಹಿಡೀಬೇಕು ಅಂದಿದ್ರಲ್ಲ.”

“ಅಧ್ಯಾಯ ಮುಗೀತಾ?”

“ಹದಿನೇಳು ವಚನ ಉಳಿದಿದೆ.”

“ಅರ್ಧಕ್ಕೆ ಬಿಟ್ಟು ಇಳಿಯೋದು ಎಲ್ಲಿಯ ಪದ್ಧತಿ? ಸೂಜಿ ಕೆಳಗಿಡು, ಹತ್ತು.” ಸ್ವಲ್ಪ ತಡೆದು ಅಂದರು: “ಹಿಂದೆ ದಾಟಿರೋ ಹಾಳೆಗಳನ್ನೂ ಬಿಚ್ಚಿಸು. ಆ ಬಾಗಿಲಾಚೆ ನೂಕಿಸಿಕೊಂಡವಳದ್ದನ್ನೂ ಓದೋಣ. ಒಬ್ಬಳೇ ಓದ್ಕೊಂಡವರು ಇನ್ನೂ ಯಾರಿದಾರೋ.”

ಅಷ್ಟರಲ್ಲಿ ಹನ್ನೆರಡು ಗಂಟೆ ದಾಟಿತ್ತು. ಟಿಲಿಯ ಕೋಳಿಗಳು ಅಂಗಳದಲ್ಲಿ ಅವಳನ್ನು ಬೈಯುತ್ತಿರಬೇಕು. ಉಳಿದದ್ದು ಮುಂದಿನ ವಾರಕ್ಕೆ ಎಂದು ಕೋಟುಗಳನ್ನು ಹುಡುಕುತ್ತಿದ್ದಾಗ ಎಡ್ನಾ ತಡೆಯಲಾರದೆ ಕೇಳಿದಳು:

“ಆ ಅಮ್ನೋನ್‌ಗೆ ಕೊನೆಗೆ ಏನಾಗುತ್ತೆ?”

“ಎರಡು ವರ್ಷ ಆದ್ಮೇಲೆ,” ಅಂದಳು ಮಾರ್ತಾ, ತಲೆವಸ್ತ್ರ ಕಟ್ಟಿಕೊಳ್ಳುತ್ತ, “ಕುರಿಗಳ ಉಣ್ಣೆ ಕತ್ತರಿಸೋ ಹಬ್ಬದಲ್ಲಿ ಅವನಿಗೆ ಕುಡಿಸಿ ಕೊಲ್ಲಿಸ್ತಾರೆ.”

ಯಾರ ಮೇಲೂ ಕೈ ಎತ್ತಬಾರದೆಂದು, ಯುದ್ಧಕ್ಕೂ ಹೋಗದೆ ಇರುವ ಜನ ನಾವು.

“ಅದನ್ನ ಕೇಳಿ ನಾವು ಸಂತೋಷ ಪಡೋ ಹಾಗಿಲ್ಲ,” ಅಂದರು ಟಾಂಟೆ ಹುಲ್ಡಾ.

“ಇಲ್ಲ ಟಾಂಟೆ, ಸಂತೋಷ ಏನಿಲ್ಲ,” ಅಂದಳು ಎಡ್ನಾ. “ಮುಂದಿನ ಬುಧವಾರ ಒಂದು ಚೆರಿ ಪೈ ಮಾಡ್ಕೊಂಡು ಬರ್ತೀನಿ, ಅಷ್ಟೆ.”

ಟಾಂಟೆ ಊರುಗೋಲು ತಡವಿ ಎದ್ದು ನಿಂತರು.

“ಎರಡು ಮಾಡು,” ಅಂದರು.