ಗಂಗಕ್ಕನಿಗೆ ಕಾಣದ ಪತ್ರ

ಕ್ಯಾಸನೂರು ಕಡೆಯ ನರ್ಸುಗಳಿಗೆ ರೋಗಿಗಳ ವಿಷಯ ಗುಟ್ಟಾಗಿ ಬರೆದುಕೊಳ್ಳಲು ಒಂದು ಇ-ಮೇಲ್ ಬಳಗ ಬೇಕಿತ್ತು. ಹೊರಗಿನವರು ತೆರೆದರೆ ಬರೀ ಗೋಜಲು ಅಕ್ಷರ ಕಾಣಿಸುವ ತಂತ್ರಾಂಶವನ್ನು ಅವರಲ್ಲೊಬ್ಬರಾದ ಸಾವಿತ್ರಮ್ಮನ ಮನೆ ಕಂಪ್ಯೂಟರಿಗೆ ಹಾಕಿಕೊಟ್ಟೆ. ನಿವೃತ್ತರಾಗಲಿದ್ದ ಗಂಗಕ್ಕನನ್ನು ಬಿಟ್ಟು ಉಳಿದೆಲ್ಲರಿಗೂ ಮೊದಲ ಪತ್ರ ಹೋಯಿತು. ಗಂಗಕ್ಕನಿಗೆ ಗೊತ್ತಾಗದಂತೆ ಬೀಳ್ಕೊಡುಗೆಯ ಹೋಳಿಗೆ ಊಟ! ಖುಷಿಗೆ ಇಬ್ಬರೂ ಚಪ್ಪಾಳೆ ಹೊಡೆದೆವು.

ಆಮೇಲೆ ಸಾವಿತ್ರಮ್ಮ ಒಬ್ಬೊಬ್ಬರಿಗೂ ಫೋನ್ ಹಚ್ಚಿ, ಬೀದಿಗೆಲ್ಲ ಕೇಳುವಂತೆ ಅದನ್ನೇ ಹೇಳತೊಡಗಿದರು.

"ಯಾಕ್ ಮೇಡಂ?" ಎಂದೆ.

"ಬರೀ ಪತ್ರ ಹಾಕಿದ್ರೆ ಊಟಕ್ಕೆ ಯಾರ್ ಬರ್ತಾರ್ರೀ? ಬಾಯಲ್ಲೂ ಕರೀಬೇಕು."

ಕೊನೆಯ ಫೋನು ಗಂಗಕ್ಕನಿಗೇ ಹೋಯಿತು.

"ಅಕ್ಕಾ, ನಿಮಗೊಬ್ರಿಗೇ ಪತ್ರ ಹಾಕಿಲ್ಲ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಊಟದ ವಿಷಯ ನಿಮಗೆ ಗೊತ್ತಾಗ್ಬಾರ್ದು ಅಂತ."

ಗುಟ್ಟು ಬಿಟ್ಟುಕೊಡದೆ ಕೂತಿದ್ದು ನಾನು ಮತ್ತು ಆ ಕಂಪ್ಯೂಟರ್ ಮಾತ್ರ.