ಬಿಸಿ ಏರಿಸಿದವರ ಹೆಸರು

ನಮ್ಮ ಗೈಡ್ ಸಾರ್ ಅವರ ಬಲಗೈ ಹೆಬ್ಬೆರಳ ತುದಿ ಸದಾ ಸುಟ್ಟು ಸಿಪ್ಪೆ ಎದ್ದಿರುತ್ತಿತ್ತು. ಪೈಪಿನ ಜಾಯಿಂಟ್ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡುವ ಚಾಳಿ ಅವರಿಗೆ. ಬಟ್ಟೆ ಕೊಟ್ಟರೆ, "ಬಟ್ಟೆಗೇನು ಗೊತ್ತಾಗ್ತೈತಮ್ಮ?" ಎನ್ನುತ್ತಿದ್ದರು.

ಚಿತ್ರದುರ್ಗದ ಕಾಲೇಜೊಂದರಲ್ಲಿ ನಾನು ಅವರ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದೆ. ಅಡಿಕೆಯ ರಸವನ್ನು ಕಾಲಂ ಎಂಬ ಸಣ್ಣ ಉಕ್ಕಿನ ಕೊಳವೆಯಲ್ಲಿ ಹರಿಸಿ, ಅದರಲ್ಲಿರುವ ಅಂಶಗಳನ್ನು ಬೇರೆ ಬೇರೆ ಮಾಡುವ ಕೆಲಸ. ಎಲ್ಲರೂ ಅದಕ್ಕೆ ದುಬಾರಿ, ಘಾಟು ದ್ರಾವಕ ಬಳಸಿದರೆ ಸಾರ್ ಬರೀ ನೀರು ಬಳಸುತ್ತಿದ್ದರು. ಒತ್ತಡದಲ್ಲಿ ಹಿಡಿದಿಟ್ಟರೆ ನೀರು ನೂರೈವತ್ತು ಡಿಗ್ರಿಯಲ್ಲೂ ಕುದಿಯುವುದಿಲ್ಲ. ತಣ್ಣಗಿದ್ದಾಗ ಕರಗಿಸಲಾಗದ ಎಷ್ಟನ್ನೋ ಕರಗಿಸುತ್ತದೆ. "ನೀರಿಗೆ ಎಲ್ಲಾ ಬರ್ತೈತೆ, ನಾವು ಕೇಳ್ಬೇಕು ಅಷ್ಟೆ" ಎಂದು ನಗುತ್ತಿದ್ದರು. ಆ ಮಾತಿಗೇ ನಾನು ಮರುಳಾದದ್ದು.

ಸುಟ್ಟ ಬೆರಳಲ್ಲಿ ಪೆನ್ನು ಹಿಡಿಯಲು ನೋವು. ಹಾಗಾಗಿ ಯಂತ್ರದ ಲಾಗ್ ಪುಸ್ತಕ ಬರೆಯುವವಳು ನಾನು. 'ಬಿಸಿ ಏರಿಸಿದವರು' ಎಂಬ ಜಾಗಕ್ಕೆ ಬಂದಾಗ, ಯಂತ್ರ ನಡೆಸಿದವರು ತಾವೇ ಆದರೂ, "ನಿನ್ ಹೆಸರೇ ಹಾಕ್ಕಳಮ್ಮ, ನಿನ್ ಕೆಲ್ಸಾನೇ ಅಲ್ವಾ" ಎನ್ನುತ್ತಿದ್ದರು. ಹೆಮ್ಮೆಯಿಂದ ಹಾಕಿಕೊಳ್ಳುತ್ತಿದ್ದೆ, ಪೆದ್ದಿ.

ಹೊರಗಿನ ತಜ್ಞರು ಬರುವ ದಿನವೇ ಬಿಸಿ ತಡೆಯುವ ಕಾಲಂ ಕಟ್ಟಿಕೊಂಡಿತು. ಸಾರ್ ಅವಸರದಲ್ಲಿ ಸಿಲಿಕಾ ಎಂಬ ಮರಳಿನಂಥ ಪುಡಿ ತುಂಬಿದ ಮಾಮೂಲಿ ಕಾಲಂ ಜೋಡಿಸಿದರು.

"ಸಾರ್, ಅಷ್ಟು ಬಿಸೀಲಿ ಸಿಲಿಕಾ ಕರಗ್ತೈತೆ."

"ಒಂದ್ ಸಲಕ್ಕೆ ಏನಾಗಲ್ಲ ಬಿಡಮ್ಮ. ಬರ್ಕ."

ಎಂದಿನಂತೆ ನನ್ನ ಹೆಸರನ್ನೇ ಬರೆದುಕೊಂಡೆ. ಸಿಲಿಕಾ ಕರಗಿ ಹರಿಯಿತು, ಮುಂದೆ ನೀರು ತಣ್ಣಗಾಗುವಲ್ಲಿ ಗಟ್ಟಿಯಾಗಿ ಕೂತು ದಾರಿ ಕಟ್ಟಿತು. ಒತ್ತಡ ಏರಿ, ಅಂಶಗಳನ್ನು ಗುರುತಿಸುವ ಡಿಟೆಕ್ಟರಿನ ಗಾಜು ತಜ್ಞರ ಎದುರೇ ಒಡೆಯಿತು.

ವಾರದ ಬಳಿಕ ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಲಾಗ್ ಪುಸ್ತಕ. ಸಾರ್ ನಿಜ ಹೇಳುತ್ತಾರೆಂದು ಕಾದೆ. ಅವರು ತಮ್ಮ ಹೆಬ್ಬೆರಳು ನೋಡಿಕೊಳ್ಳುತ್ತ, "ಹುಡುಗಿ ಗೊತ್ತಿಲ್ದೆ ಮಾಡಿದಾಳೆ, ಬಿಟ್ಬಿಡ್ರಿ" ಎಂದರು. ಯಾರೂ ಬಿಡಲಿಲ್ಲ, ನನ್ನ ಸಂಶೋಧನೆ ಅಲ್ಲಿಗೇ ಮುಗಿಯಿತು. ಅವರ ಆ ಕರುಣೆ ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಈಗ ಹೊಳಲ್ಕೆರೆಯಲ್ಲಿ ಅಡಿಕೆ ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಹೋದ ತಿಂಗಳು ಸಾರ್ ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, "ನಿಂದೇನೂ ತಪ್ಪಿರ್ಲಿಲ್ಲ ಅಂತ ಎಷ್ಟ್ ಸಲ ಅಂದ್ರಮ್ಮ ನಮ್ಮನೆಯವ್ರು" ಎಂದು ಅತ್ತರು. ಅಡುಗೆಮನೆಯಲ್ಲಿ ಬಂದ ಮಾತು ಪ್ರಾಂಶುಪಾಲರ ಕೋಣೆಯಲ್ಲಿ ಬಾಯಿಗೆ ಬರಲಿಲ್ಲವೇ? "ಹೌದೇನ್ರಿ" ಎಂದಷ್ಟೇ ಹೇಳಿ ಎದ್ದು ಬಂದೆ.

ನೀರನ್ನು ನಂಬಲು ಕಲಿಸಿದವರು ಅವರೇ; ಆ ಋಣ ಇದೆ. ಜಾಯಿಂಟ್ ಸೋರುವುದನ್ನು ಈಗಲೂ ಬೆರಳಿಟ್ಟೇ ನೋಡುತ್ತೇನೆ. ಸುಟ್ಟುಕೊಂಡ ದಿನ ಜೊತೆಯವರು, "ಮೇಡಂ, ಲಾಗ್ ನಾವ್ ಬರೀತೀವಿ, ಕೊಡ್ರಿ" ಎನ್ನುತ್ತಾರೆ. ಕೊಡುವುದಿಲ್ಲ. ಉರಿಯುವ ಬೆರಳಿನಿಂದಲೇ ನನ್ನ ಹೆಸರು ನಾನೇ ಬರೆಯುತ್ತೇನೆ.